ನೆಟ್ಟಗಿನ ಕಣ್ಣಿಗೆ ಕಾಣುವ ಚುಕ್ಕಿ

…ಅಥವಾ ಅದು ಮಾಘವಲ್ಲ, ಫಾಲ್ಗುಣವೇ ಇರಬೇಕು. ಯಲಬುರ್ಗಿಯ ನಮ್ಮ ಮಾಳಿಗೆಯ ಮೇಲೆ ಎಷ್ಟು ಸಂಜೆ ನಿಂತಿದ್ದೆನೆಂಬುದೂ ಖಾತ್ರಿಯಿಲ್ಲ. ಒಮ್ಮೆ ಆರು ಎನ್ನುತ್ತೇನೆ, ಒಮ್ಮೆ ಹತ್ತು. ಹಳೆಯ ಸಂಗತಿಗೆ ಹೇಳಿದಾಗಲೆಲ್ಲ ಒಂದು ಕೈ ಸುಣ್ಣ ಬಳಿಯುತ್ತೇವೆ. ಕಡೆಗೆ ಒಳಗಿನ ಗೋಡೆ ಮಣ್ಣಿನದೋ ಕಲ್ಲಿನದೋ ಬಳಿದವನಿಗೇ ತಿಳಿಯುವುದಿಲ್ಲ. ನನ್ನ ಹೆದರಿಕೆಗೆ ಮಾತ್ರ ಇನ್ನೂ ಸುಣ್ಣ ಹಿಡಿದಿಲ್ಲ. ನನ್ನ ಕಣ್ಣು ಹೋಗುತ್ತಿದೆಯೆಂಬ ಹೆದರಿಕೆ ಅದು.

ನಾನಾಗ ಅಲ್ಲಿಯ ಶಾಲೆಯಲ್ಲಿ ಮಾಸ್ತರ. ನಿಜಾಮರ ಕಾಲ, ಮನೆಯಲ್ಲಿ ಕನ್ನಡದಲ್ಲಿ ಬೈಸಿಕೊಂಡು ಬಂದ ಮಕ್ಕಳಿಗೆ ಉರ್ದುವಿನಲ್ಲಿ ಲೆಕ್ಕ ಹೇಳಿಕೊಡುವುದು ನನ್ನ ಉದ್ಯೋಗ. ಉರ್ದು ಅಕ್ಷರಗಳ ಮೇಲೆ ಕೆಳಗೆ ಇರುವ ಬೊಟ್ಟುಗಳು ಆ ವರ್ಷ ಒಂದೊಂದಾಗಿ ನನ್ನನ್ನು ಬಿಟ್ಟುಹೋಗತೊಡಗಿದವು. ಪಾಠವೆಲ್ಲ ಬಾಯಿಪಾಠವಾಗಿದ್ದರಿಂದ ಮಕ್ಕಳಿಗೆ ಗೊತ್ತಾಗಲಿಲ್ಲ. ಆದರೆ ಉಗಾದಿಗೆ ತಪಾಸಣೆಯ ಸಾಹೇಬರು ಬರುವವರಿದ್ದರು. ಮಾಸ್ತರರ ಕೈಗೆ ಹೊಸ ಪುಸ್ತಕ ಕೊಟ್ಟು ಓದಿಸುವುದು ಅವರ ಚಾಳಿ. ಓದಲಾಗದ ಮಾಸ್ತರನನ್ನು ಸರಕಾರ ಇಟ್ಟುಕೊಳ್ಳುವುದಿಲ್ಲ. ನನಗಾದರೋ ಬೇರೆ ಕೆಲಸ ಬರುವುದಿಲ್ಲ. ಕಣ್ಣಿನ ವೈದ್ಯರು ಹೈದರಾಬಾದಿನಲ್ಲಿದ್ದರು, ಆದರೆ ರಜೆ ಕೇಳಿದರೆ ಕಾರಣ ಬರೆಯಬೇಕು.

ಆಗಲೇ ಒಂದು ಮಾಸಪತ್ರಿಕೆಯಲ್ಲಿ, ಬಿಸಿಲಿಗೆ ಹಿಡಿದು ಕಣ್ಣು ಕಿರಿದುಮಾಡಿ, ಒಂದು ಲೇಖನ ಓದಿದೆ. ದಕ್ಷಿಣ ದಿಕ್ಕಿನಲ್ಲಿ, ಅಗಸ್ತ್ಯ ನಕ್ಷತ್ರದ ಎಡಕ್ಕೆ ಎರಡು ಬೆರಳು ಬಿಟ್ಟು, ಒಂದು ಮಂಕು ಚುಕ್ಕಿಯಿದೆಯಂತೆ. ಹೆಸರಿಲ್ಲ, ಬರೀ ಅಂಕಿ. ಆದರೆ ನಮ್ಮ ಸೂರ್ಯನಂಥವು ಎಷ್ಟೋ ಅದರ ಹೊಟ್ಟೆಯಲ್ಲಿ ಹಿಡಿಸುತ್ತವಂತೆ. ಅಷ್ಟು ದೊಡ್ಡ ಮೈ, ಇಷ್ಟು ಸಣ್ಣ ಬೆಳಕು! ನಮ್ಮ ಹೆಡ್‌ಮಾಸ್ತರರನ್ನು ದಿನವೂ ನೋಡುತ್ತಿದ್ದ ನನಗೆ ಆಶ್ಚರ್ಯವಾಗಲಿಲ್ಲ. ಹೆದರಿಸಿದ್ದು ಕೊನೆಯ ಸಾಲು: ಕಣ್ಣು ನೆಟ್ಟಗಿದ್ದವರಿಗೆ ಇದು ಬರಿಗಣ್ಣಿಗೇ ಕಾಣುತ್ತದೆ.

ದೀಪ ಹಚ್ಚಿದ ಮೇಲೆ ಮಾಳಿಗೆ ಹತ್ತಿದೆ. ಕಾಣಲಿಲ್ಲ. ಮರುದಿನವೂ ಇಲ್ಲ. ತಪ್ಪು ಪತ್ರಿಕೆಯದೋ ಕಣ್ಣಿನದೋ? ಪರೀಕ್ಷೆ ಸುಲಭವಾಗಿತ್ತು. ಬೇರೆಯವರಿಗೆ ಕಂಡರೆ ನನ್ನ ಕಣ್ಣು ಹೋಯಿತು. ಯಾರಿಗೂ ಕಾಣದಿದ್ದರೆ ನಾನು ಬದುಕಿದೆ. ಪಕ್ಕದ ಮನೆಯ ಗಾಣದ ಬಸಣ್ಣನನ್ನು ಕರೆದೆ.

"ಬಸಣ್ಣಾ, ಅಗಸ್ತ್ಯನ ಎಡಕ್ಕ ಏನರ ಕಾಣ್ತೈತೇನು?"

"ಏನಿರಬೇಕ್ರಿ ಅಲ್ಲಿ?"

"ಒಂದು ಸಣ್ಣ ಚುಕ್ಕಿ."

"ಹಾಂ, ಕಂಡ್ತು ನೋಡ್ರಿ ಮಾಸ್ತರ! ಭಾಳ ಛಲೋ ಐತಿ."

ಅಲ್ಲಿಗೆ ನನ್ನ ಕಣ್ಣು ಹೋಯಿತೆಂದೇ ಲೆಕ್ಕ. ಆಮೇಲೆ ಯಾಕೋ ಸಂಶಯ ಬಂದು ಅವನನ್ನು ಉತ್ತರಕ್ಕೆ ತಿರುಗಿಸಿದೆ. ಆ ಕಡೆ ಅವನದೇ ಹಿತ್ತಲಿನ ಬೇವಿನ ಮರ ಆಕಾಶವನ್ನೆಲ್ಲ ಮುಚ್ಚಿತ್ತು. "ಅಲ್ಲೊಂದೈತಿ, ನೋಡು."

"ಅದೂ ಕಂಡ್ತ್ರಿ. ಮೊದಲಿನದಕ್ಕಿಂತ ಇದು ಛಲೋ ಐತಿ."

"ಅದು ನಿನ್ನ ಬೇವಿನ ಗಿಡ ಅಲ್ಲೇನೋ!"

"ಗಿಡದ ಹಿಂದ ಇರ್ತೈತಲ್ರಿ. ಕಲ್ತವ್ರು ನೀವು ಐತಿ ಅಂದಮ್ಯಾಲ ನಾ ಯಾಕ ಇಲ್ಲಾಂತನ್ಲಿ?"

ಬಸಣ್ಣನನ್ನು ದೂರುವಂತಿಲ್ಲ. ನಮ್ಮ ಮದುವೆಗಳಲ್ಲಿ ಅರುಂಧತಿ ನಕ್ಷತ್ರ ತೋರಿಸುವುದು ಮಟಮಟ ಮಧ್ಯಾಹ್ನ, ಚಪ್ಪರದ ಕೆಳಗೆ. ಅಯ್ಯನವರು ಬೆರಳೆತ್ತಿದ ಕಡೆ ಗಂಡು ನೋಡಬೇಕು, ನೋಡಿ ಹೆಣ್ಣಿಗೆ ತೋರಿಸಬೇಕು. ಕಂಡಿತೇ ಎಂದರೆ ಕಂಡಿತು ಎನ್ನಬೇಕು. ಇಲ್ಲವೆಂದ ಮದುಮಗಳನ್ನು ಈ ಸೀಮೆ ಕಂಡಿಲ್ಲ. ಹಗಲು ಹನ್ನೆರಡಕ್ಕೆ ಚಪ್ಪರದ ತೆಂಗಿನ ಗರಿಯಲ್ಲಿ ಅರುಂಧತಿಯನ್ನು ಕಂಡ ಜನ, ಕತ್ತಲಾದ ಮೇಲೆ ಆಕಾಶದಲ್ಲಿ ಚುಕ್ಕಿ ಕಾಣಲಿಲ್ಲ ಎಂದಾರೆಯೇ?

ಉಳಿದವಳು ನನ್ನ ಹೆಂಡತಿ ನೀಲವ್ವ. ಬೇವೂರಿನವಳು. ಜೋಳದಲ್ಲಿ ಅಡಗಿದ ಹರಳನ್ನು ಮೊರ ಅಲ್ಲಾಡಿಸದೆಯೇ ಹೆಕ್ಕುವ ಕಣ್ಣು; ಸಾರು ಕೆಟ್ಟಿದ್ದರೆ ಬಡಿಸುವ ಮೊದಲೇ ಕೆಟ್ಟಿದೆ ಎನ್ನುವ ನಾಲಿಗೆ. ರೊಟ್ಟಿಯ ಹಿಟ್ಟಿನ ಕೈಯಲ್ಲೇ ಅವಳನ್ನು ಮೇಲಕ್ಕೆ ಕರೆದೆ. ದಕ್ಷಿಣಕ್ಕೆ ಬಹಳ ಹೊತ್ತು ನೋಡಿದಳು. ಆಮೇಲೆ ಆಕಾಶ ಬಿಟ್ಟು ನನ್ನ ಮುಖ ನೋಡಿದಳು.

"ನಿಮಗ ಕಾಣ್ತೈತೇನ್ರಿ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಿಜ ತಿಳಿಯಲೆಂದೇ ಅವಳನ್ನು ಮೇಲೆ ಹತ್ತಿಸಿದವನು ನಾನು.

"ಕಾಣ್ತೈತಿ," ಎಂದೆ.

"ಹಂಗಾರ ನನಗೂ ಕಂಡ್ತು," ಎಂದು ಇಳಿದುಹೋದಳು.

ಮರುದಿನದಿಂದ ಮೆಟ್ಟಿಲಲ್ಲಿ ದೀಪ ಹಿಡಿದು ನನ್ನ ಮುಂದೆ ಇಳಿಯತೊಡಗಿದಳು. ಮೊದಲಿನಿಂದಲೂ ಹಿಡಿಯುತ್ತಿದ್ದಳೋ ಏನೋ, ನಾನು ನೋಡಿರಲಿಕ್ಕಿಲ್ಲ.

ಸಾಹೇಬರು ಬಂದರು, ಹೊಸ ಪುಸ್ತಕ ಕೊಟ್ಟರು. ಅದನ್ನು ಬಿಡಿಸಿ ಹಿಡಿದುಕೊಂಡು ಹಳೆಯ ಪುಸ್ತಕದ ಪಾಠವನ್ನು ಗಟ್ಟಿಯಾಗಿ ಒಪ್ಪಿಸಿದೆ. ಸಾಹೇಬರು ತಮ್ಮ ಮುಂದಿನ ಪ್ರತಿಯ ಮೇಲೆ ಬೆರಳಾಡಿಸುತ್ತ, "ಬಹುತ್ ಖೂಬ್," ಎಂದರು. ಅವರೂ ಎಲ್ಲೋ ಅರುಂಧತಿಯನ್ನು ನೋಡಿದವರೇ ಇರಬೇಕು.

ಮರುವರ್ಷ ಮಾಳಿಗೆ ಹತ್ತಿದಾಗ ಅಗಸ್ತ್ಯನೂ ಇರಲಿಲ್ಲ. ರಾಜೀನಾಮೆಯನ್ನು ಹೆಡ್‌ಮಾಸ್ತರರ ಕೈಯಿಂದ ಬರೆಸಬೇಕಾಯಿತು. ಅಂದು ಅವರ ಮುಖ ತುಸು ಬೆಳಗಿತ್ತೆಂದು ನೋಡಿದವರು ಹೇಳಿದರು. ಕಣ್ಣಿನ ಪ್ರಶ್ನೆ ಹೀಗೆ ಇತ್ಯರ್ಥವಾಯಿತು. ಆದರೆ ಆ ಸಂಜೆ ನೀಲವ್ವನಿಗೆ ಚುಕ್ಕಿ ಕಂಡಿತ್ತೇ? ಈಗಲೂ ಕೇಳಬಹುದು, ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತಿದೆ. ಕೇಳಿದರೆ ಅವಳು ಮೊದಲು ನನ್ನನ್ನೇ ಕೇಳುತ್ತಾಳೆ. ಆಗ ನಾನು ಏನೆನ್ನುತ್ತೇನೋ, ಅದೂ ನನಗೆ ಗೊತ್ತಿಲ್ಲ.