ಸ್ಟೋರ್ ಕೀಪರನ ಪದ್ಮಾಸನ

ನರಹರಿಯ ಅಂಗಿಯ ಗುಂಡಿಯೊಂದು ಹಾರಿ ಮ್ಯಾನೇಜರ್ ಸಾಹೇಬರ ಚಹಾದ ಕಪ್ಪಿನೊಳಗೆ ಬಿತ್ತು. ಗೋಲ್ಕೊಂಡದ ತೋಪುಗಳು ಕೂಡ ಅಷ್ಟು ನೇರವಾಗಿ ಹೊಡೆದಿರಲಿಕ್ಕಿಲ್ಲ.

ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರನಾಗಿದ್ದ ನರಹರಿ ಆ ಶನಿವಾರ ಸಾಹೇಬರೆದುರು ಬಗ್ಗಿ ನಿಂತದ್ದು ವರ್ಗಾವಣೆ ತಪ್ಪಿಸಿಕೊಳ್ಳಲು. ಅಸ್ಸಾಮಿನ ಗುಡ್ಡಗಳಲ್ಲಿದ್ದ ಘಟಕಕ್ಕೆ ಅವನ ಹೆಸರು ಹೋಗಿತ್ತು. ಮಗಳು ನಲಿನಿಯ ಹತ್ತನೆಯ ತರಗತಿ ಪರೀಕ್ಷೆ ಹತ್ತಿರ ಬಂದಿದೆ ಎಂದು ಬೇಡಿಕೊಳ್ಳುತ್ತ ಇನ್ನಷ್ಟು ಬಗ್ಗಿದಾಗಲೇ ಗುಂಡಿ ಹಾರಿದ್ದು.

ಸಾಹೇಬರು ತೆಲುಗಿನವರು, ಹೊಸಬರು, ವ್ಯಾಯಾಮವೆಂದರೆ ಪ್ರಾಣ ಬಿಡುವವರು. ಕಪ್ಪನ್ನೂ ಹೊಟ್ಟೆಯನ್ನೂ ನೋಡಿ, "ವ್ಯಾಯಾಮ ಗೀಯಾಮ ಇಲ್ಲವೇನು?" ಎಂದು ಹಿಂದಿಯಲ್ಲಿ ಕೇಳಿದರು.

ಅಂಜಿಕೆಗೆ ನರಹರಿಯ ನಾಲಿಗೆ ಜಾರಿತು. "ಪ್ರಾಣಾಯಾಮ ಮಾಡಿ ಮಾಡಿಯೇ ಹೀಗಾಗಿದೆ ಸಾರ್! ಉಸಿರು ಹಿಡಿದರೆ ಗುಂಡಿ ನಿಲ್ಲೋದಿಲ್ಲ. ದಿನಾ ಸುಲ್ತಾನ್ ಬಜಾರಿನಿಂದ ಇಲ್ಲಿವರೆಗೂ ಸೈಕಲ್. ಇಳಿದ ಕೂಡಲೇ ಪದ್ಮಾಸನ."

ನಿಜ ಹೇಳಬೇಕೆಂದರೆ, ಅವನ ವ್ಯಾಯಾಮವೆಲ್ಲ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವುದರಲ್ಲೇ ಮುಗಿಯುತ್ತಿತ್ತು. ಯೋಗವೇನಿದ್ದರೂ ಊಟದ ನಂತರ, ಗೋಣಿಚೀಲಗಳ ಮೇಲೆ, ಗೊರಕೆ ಸಮೇತ.

ಸಾಹೇಬರ ಕಣ್ಣುಗಳು ಹೊಳೆದವು. "ನಾಳೆ ಭಾನುವಾರ. ಎಂಟು ಗಂಟೆಗೆ ಕಾಲೊನಿ ಮೈದಾನದಲ್ಲಿ ಎಲ್ಲರಿಗೂ ತೋರಿಸಿ. ವರ್ಗಾವಣೆಯ ಮಾತು ಅಲ್ಲೇ ಆಡೋಣ."

ಮರುದಿನ ನಸುಕಿನಲ್ಲಿ ನರಹರಿ ಬಾಡಿಗೆ ಸೈಕಲ್ ಹತ್ತಿದ. ಇಪ್ಪತ್ತು ವರ್ಷಗಳ ಬಳಿಕ! ನಾಂಪಲ್ಲಿ ದಾಟುವಾಗ ಎಕ್ಸಿಬಿಷನ್ನಿಗೆ ಬಂದ ಬಂಡಿಗಳ ನಡುವೆ ಮೂರು ಸಲ ಬಿದ್ದ. ಪಂಜಗುಟ್ಟಾದ ಏರಿನಲ್ಲಿ ಸೈಕಲ್ ಅವನನ್ನು ಹೊತ್ತದ್ದಕ್ಕಿಂತ ಅವನೇ ಸೈಕಲನ್ನು ಹೊತ್ತದ್ದು ಹೆಚ್ಚು. ಮೇಯಲು ಹೊರಟ ಎಮ್ಮೆಗಳು ಅವನನ್ನು ಹಿಂದೆ ಹಾಕಿ, ತಿರುಗಿ ನೋಡಿ, ಮರುಗಿ ಮುಂದೆ ಹೋದವು. ಮೈದಾನ ಮುಟ್ಟಿದಾಗ ಅವನ ತೊಡೆಗಳು ದರ್ಜಿಯ ಮಶಿನ್ನಿನಂತೆ ತಾವಾಗಿಯೇ ನಡುಗುತ್ತಿದ್ದವು.

ಹೆಂಡತಿ ಸುಭದ್ರಾ ಮೊದಲೇ ಬಸ್ಸಿನಲ್ಲಿ ಬಂದು ಕಾದಿದ್ದಳು. ಜೊತೆಗೆ ಅದೇ ಕಾಲೊನಿಯ ಚನ್ನಬಸಪ್ಪ, ಸ್ಟೋರಿನಲ್ಲಿ ನರಹರಿಯ ಜೊತೆಗಾರ.

"ನನ್ನ ಕೈಲಿ ಆಗೂದಿಲ್ಲೋ ಚನ್ನಬಸಪ್ಪಾ. ಕಾಲು ಕಟಗಿ ಆಗ್ಯಾವ."

"ಕಟಗಿ ಆದ್ರ ಚಲೋನ ಆತಲ್ಲ, ಮಡಚಿದ್ರ ಮಡಚಿದಂಗ ನಿಲ್ತಾವ. ವೈನಿ, ನೀವು ಎಡಗಾಲು ಹಿಡೀರಿ!"

"ಹೌದ್ರೀ, ಸಾಹೇಬರು ಬರೂ ಹೊತ್ತಾತು. ಒಂದೀಟು ಹಲ್ಲು ಕಚ್ಚಿ ಹಿಡೀರಿ," ಎಂದಳು ಸುಭದ್ರಾ.

ಇಬ್ಬರೂ ಸೇರಿ ಪ್ರಯಾಣದ ಹಾಸಿಗೆ ಕಟ್ಟುವಂತೆ ಅವನನ್ನು ಮಡಚಿ ಪದ್ಮಾಸನ ಹಾಕಿಸಿದರು. 'ಕಟಕ್' ಎಂದ ಸದ್ದು ಚಾರ್ಮಿನಾರಿನವರೆಗೂ ಕೇಳಿಸಿತು. ಕೇಳಿಸಲಿಲ್ಲ ಎನ್ನುವವರು ಅಂದು ಊರಲ್ಲಿರಲಿಲ್ಲ, ಅಷ್ಟೆ.

ಸಾಹೇಬರ ಜೀಪು ಬಂತು. ಬೆವರು ಸುರಿಸುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತ ನರಹರಿಯನ್ನು ಕಂಡು, "ಆನಂದಬಾಷ್ಪ!" ಎಂದು ಕೈಮುಗಿದರು. ಅರ್ಧ ತಾಸಿನ ಮೇಲೆ, "ಸಾಕು, ಏಳಿ," ಎಂದರು.

ನರಹರಿ ಎಡಗಾಲು ಎಳೆದ. ಬಲಗಾಲು ಎಳೆದ. ಎರಡೂ ಬೀಗ ಜಡಿದ ಗೋದಾಮಿನಂತೆ ಅಲುಗಲಿಲ್ಲ.

"ಚನ್ನಬಸಪ್ಪಾ," ಎಂದು ಕನ್ನಡದಲ್ಲಿ ನರಳಿದ, "ಗಂಟು ಬಿಚ್ಚವಲ್ದೋ. ಜೀವ ಹೋಗಾಕತ್ತೈತಿ. ಯಾರರ ಬಂದು ಎಳೀರಿ ಅಂತ ಹೇಳೋ!"

"ಏನಂತಾರೆ?" ಸಾಹೇಬರು ಕೇಳಿದರು.

ಚನ್ನಬಸಪ್ಪನಿಗೆ ಗೆಳೆಯನ ಮಾನ ಉಳಿಸುವ ಹುರುಪು. ಹಿಂದಿಯಲ್ಲಿ ಹೇಳಿದ: "ಸಂಸಾರದ ಗಂಟು ಬಿಚ್ಚುವುದು ಕಷ್ಟ, ಜೀವ ಹೋಗುವ ಮೊದಲು ಗುರುವೇ ಬಂದು ಮೇಲೆಳೆಯಬೇಕು ಅಂತಾರೆ ಸಾರ್."

"ಲೇ ಮಬ್ಬ, ಡಾಕ್ಟರ್‌ನ ಕರಿಯೋ!"

"ಡಾಕ್ಟರ್ ಎದುರು ಕೂರುವ ಗತಿ ಯಾರಿಗೂ ಬಾರದಿರಲಿ ಅಂತ ಹರಸುತ್ತಿದ್ದಾರೆ."

ದೂರದಿಂದ ನೋಡುತ್ತಿದ್ದ ಕಾಲೊನಿಯ ಮಂದಿ ಪಾದ ಮುಟ್ಟಲು ಸಾಲುಗಟ್ಟಿದರು. ಎಲ್ಲರಿಗಿಂತ ಮುಂದೆ ಚನ್ನಬಸಪ್ಪನ ತಾಯಿ, ಎಂಬತ್ತು ವರ್ಷದ ಅಂಬವ್ವ. "ಯಪ್ಪಾ, ಪಾದ ಮ್ಯಾಲ ಇಟ್ಗೊಂಡು ಕುಂತಿ, ನನಗ ಬಗ್ಗೂ ತ್ರಾಸ ತಪ್ಪಸಿದಿ. ನನ್ನ ಮೊಣಕಾಲ ಬ್ಯಾನಿ ಒಂದೀಟು ತಗೀಪಾ!" ಎಂದು ಅವನ ಅಂಗಾಲುಗಳನ್ನು ಕಣ್ಣಿಗೊತ್ತಿಕೊಂಡಳು.

ನರಹರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಾಯಿಯ ವಯಸ್ಸಿನ ಮುದುಕಿ! ಅವಳ ಹಿಂದೆ ಮೂವತ್ತು ವರ್ಷ ಲೇಥ್ ಮಶಿನ್ನಿನ ಮುಂದೆ ನಿಂತ ಶಾಂತಪ್ಪ. ಅವನ ಹಿಂದೆ, ಹೆಂಗಸರು ದೂಡಿದ್ದಕ್ಕೆ, ಸುಭದ್ರಾ. ಅವಳೂ ಪಾದ ಮುಟ್ಟಿದಳು. ಆದರೆ ಮುಖ ಎತ್ತಲಿಲ್ಲ. ನರಹರಿ ಸೈಕಲ್ಲಿನಿಂದ ಬಿದ್ದಾಗ ಇಷ್ಟು ನೊಂದಿರಲಿಲ್ಲ.

"ಸಾರ್!" ಎಂದು ತನಗೆ ಗೊತ್ತಿದ್ದಷ್ಟು ಹಿಂದಿಯಲ್ಲಿ ಕೂಗಿದ. "ಎಲ್ಲಾ ಸುಳ್ಳು! ನಾನು ಬಸ್ಸಿನಲ್ಲಿ ಬರುವವನು. ಯೋಗ ಗೊತ್ತಿಲ್ಲ. ಕಾಲು ಸಿಕ್ಕಿಕೊಂಡಿದೆ, ಅಷ್ಟೇ. ಇವರ ಕೈಯಿಂದ ಪಾದ ಮುಟ್ಟಿಸಿಕೊಳ್ಳುವ ಯೋಗ್ಯತೆ ನನಗಿಲ್ಲ!"

ಸಾಹೇಬರು ಮತ್ತೆ ಕೈಮುಗಿದರು.

"ನಿಂಡು ಕುಂಡ ತೊಣಕದು," ಎಂದರು ತೆಲುಗಿನಲ್ಲಿ. ತುಂಬಿದ ಕೊಡ ತುಳುಕುವುದಿಲ್ಲ. "ಇಷ್ಟು ಸಾಧನೆ ಮಾಡಿಯೂ ಏನೂ ಗೊತ್ತಿಲ್ಲ ಎನ್ನುವ ವಿನಯ!" ಜೇಬಿನಿಂದ ಕಾಗದವೊಂದನ್ನು ತೆಗೆದರು. "ನಿಮ್ಮ ವರ್ಗಾವಣೆಯ ರದ್ದತಿ. ನಿನ್ನೆ ಸಂಜೆಯೇ ಸಹಿ ಹಾಕಿದ್ದೆ. ಮಗಳ ಪರೀಕ್ಷೆ ಅಂದಮೇಲೆ ಯಾರು ತಾನೆ ಕಳಿಸುತ್ತಾರೆ? ಇವತ್ತು ಬಂದದ್ದು ಬರೀ ಯೋಗ ನೋಡಲು."

ನರಹರಿಯ ಮುಖ ಅರಳುವ ಮೊದಲೇ ಕಾಗದ ಎರಡು ತುಂಡಾಯಿತು.

"ಆದರೆ ಇಂಥ ಮಹಾನುಭಾವರನ್ನು ಸ್ಟೋರಿನಲ್ಲಿ ಕೂಡಿಹಾಕಿದರೆ ನನಗೆ ಪಾಪ ಬರುತ್ತದೆ. ಅಸ್ಸಾಮಿನಲ್ಲಿ ಮುನ್ನೂರು ಮಂದಿ ಬೊಜ್ಜು ಬೆಳೆಸಿಕೊಂಡು ಕೂತಿದ್ದಾರೆ. ಮೂರು ವರ್ಷ ಅವರನ್ನು ತಿದ್ದಿ." ಜೀಪಿನ ಬಾನೆಟ್ ಮೇಲೆ ಹಾಳೆಯಿಟ್ಟು ಹೊಸ ಆದೇಶ ಗೀಚಿದರು: 'ಸೈಕಲ್ ಮತ್ತು ಯೋಗ ಕಲಿಸಲು.' ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಜೀಪು ಹೊರಟಿತು.

ಆ ಆಘಾತಕ್ಕೆ ನರಹರಿಯ ಕಾಲುಗಳು ಪಟ್ಟನೆ ಬಿಚ್ಚಿಕೊಂಡವು. ಮಂದಿ ಅದನ್ನೂ ಆಸನವೆಂದು ಚಪ್ಪಾಳೆ ತಟ್ಟಿದರು. ಅವನು ಎದ್ದವನೇ, "ಸಾರ್! ಸಾರ್!" ಎಂದು ಅರಚುತ್ತ ಧೂಳಿನ ಹಿಂದೆ ಓಡಿದ. ಮೈದಾನ ದಾಟಿದ, ಗೇಟು ದಾಟಿದ, ಇಕ್ಕಟ್ಟಿನ ಗಲ್ಲಿಯಲ್ಲಿ ಜೀಪನ್ನು ಮುಟ್ಟಿಯೇ ಬಿಟ್ಟ ಎನ್ನುವಷ್ಟು ಹತ್ತಿರ ಬಂದ.

ಸಾಹೇಬರು ಕನ್ನಡಿಯಲ್ಲಿ ನೋಡಿದರು. ಡ್ರೈವರನಿಗೆ, "ಸ್ವಲ್ಪ ನಿಧಾನ," ಎಂದರು. ಆದೇಶ ಬಿಡಿಸಿ, ಪೆನ್ನು ತೆಗೆದು, 'ಯೋಗ'ದ ಮುಂದೆ 'ಹಾಗೂ ಓಟ' ಎಂದು ಸೇರಿಸಿದರು.