ಹಿತ್ತಲ ಗೋಡೆಯ ಮೂವತ್ತೆರಡು ಬಣ್ಣ

ನಮ್ಮ ಬಡಾವಣೆಯಲ್ಲಿ ‘ಮೂಲ ಬಣ್ಣ ಸಮಿತಿ’ ಎಂಬುದೊಂದು ಹುಟ್ಟಿದೆ ಎಂದು ನನಗೆ ಮೊದಲು ಗೊತ್ತಾದದ್ದು, ಅದರ ಕಾರ್ಯದರ್ಶಿ ನನ್ನ ಹಿತ್ತಲಿಗೆ ಬಂದು ಗೋಡೆಯನ್ನು ಬೈಯುತ್ತಿದ್ದ ದಿನ. ನಾನು ಬಟ್ಟೆ ಒಣಹಾಕುತ್ತಿದ್ದೆ.

ಕಾರ್ಯದರ್ಶಿ: ಇದು ಗೋಡೆನಾ ಅಜ್ಜಿ?

ನಾನು: ಅನುಮಾನ ಇದ್ರೆ ಒರಗಿ ನೋಡಪ್ಪ.

ಕಾರ್ಯದರ್ಶಿ: ಬಡಾವಣೆಗೆ ಐವತ್ತು ವರ್ಷ ತುಂಬ್ತಾ ಇದೆ. ಮೊದಲು ಇದ್ದ ಬಣ್ಣನೇ ಎಲ್ಲರೂ ಬಳೀಬೇಕು. ಭಾನುವಾರದೊಳಗೆ ಇದಕ್ಕೆ ಬೂದು ಬಳಿಸಿಬಿಡಿ.

ನಾನು: ಬೂದು ಅಂತ ಯಾರು ಹೇಳಿದ್ದು?

ಅವನು ಜೇಬಿನಿಂದ ಹಳೆಯ ಕಪ್ಪುಬಿಳುಪು ಫೋಟೋ ತೆಗೆದ. ಬೀದಿಯ ಮನೆಗಳೆಲ್ಲ ಅದರಲ್ಲಿದ್ದವು.

ನಾನು: ಇದರಲ್ಲಿ ಆಕಾಶನೂ ಬೂದೇ ಇದೆಯಲ್ಲೋ.

ಕಾರ್ಯದರ್ಶಿ: ಅದು ಸಮಿತಿ ವ್ಯಾಪ್ತಿಗೆ ಬರಲ್ಲ.

ಎದುರುಮನೆಯ ದರ್ಜಿ, ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿಬಂದರು. ಅವರ ನೀಲಿ ಮನೆಗೂ ಬೂದು ಬಳಿಸಬೇಕೆಂಬ ನೋಟೀಸು ಬಂದಿತ್ತಂತೆ. ಹೆಂಡತಿ ಎರಡು ದಿನದಿಂದ ಮಾತು ಬಿಟ್ಟಿದ್ದಾಳಂತೆ.

ನನ್ನ ಸಂಕಟ ಬೇರೆ. ಈ ಬೀದಿಯ ಮೂವತ್ತೆರಡು ಮನೆಗೂ ಮೊದಲು ಬಣ್ಣ ಬಳಿದವರು ನಮ್ಮ ಯಜಮಾನರು. ಡಬ್ಬದಲ್ಲಿ ಬಣ್ಣ ಕಲಸಿ, ನಮ್ಮ ಹಿತ್ತಲ ಗೋಡೆಗೆ ಒಂದು ಗೆರೆ ಎಳೆದು, ಒಣಗಿದ ಮೇಲೆ ಮನೆಯವರಿಗೆ ತೋರಿಸುತ್ತಿದ್ದರು. ಒಪ್ಪಿದರೆ ಕೆಳಗೆ ಪೆನ್ಸಿಲಿನಲ್ಲಿ ಮನೆ ನಂಬರು. ಅವರು ಹೋಗಿ ಹನ್ನೊಂದು ವರ್ಷ. ಫೋಟೋ ತೆಗೆಸಿಕೊಂಡವರಲ್ಲ. ನನಗೆ ಉಳಿದಿರುವುದು ಈ ಗೆರೆಗಳೇ. ಇಷ್ಟನ್ನೂ ಅವನಿಗೆ ಹೇಳಿದೆ.

ದರ್ಜಿ: ಹಾಗಾದ್ರೆ ಅಕ್ಕ, ಮೂಲ ಬಣ್ಣ ಎಲ್ಲಾ ಇಲ್ಲೇ ಇದೆ ಅನ್ನಿ.

ಅವರು ಬಗ್ಗಿ ಹುಡುಕಿದರು. ಅವರ ಮನೆ ನಂಬರು ಹದಿನಾಲ್ಕು ಸಿಕ್ಕಿತು. ಅಂಗಿ ಜೇಬಿನಿಂದ ನೀಲಿ ದಾರದ ಉಂಡೆ ತೆಗೆದು ಹಿಡಿದರು. ಗೆರೆಗೂ ದಾರಕ್ಕೂ ಎಳೆಯಷ್ಟೂ ವ್ಯತ್ಯಾಸವಿಲ್ಲ.

ದರ್ಜಿ: ಸಾರ್, ನಿಮ್ಮದು ಒಂಬತ್ತಲ್ವಾ?

ಕಾರ್ಯದರ್ಶಿ: ನಮ್ಮದು ಬಿಡಿ. ನಮ್ಮದು ಬೂದೇ.

ದರ್ಜಿ: ಇಲ್ಲಿದೆ ನೋಡಿ. ಬದನೆಕಾಯಿ ಬಣ್ಣ.

ಕಾರ್ಯದರ್ಶಿ: ಅದು ಪಾಚಿ.

ನಾನು: ಪಾಚಿಗೆ ಯಾರಾದ್ರೂ ನಂಬರ್ ಹಾಕ್ತಾರೇನಪ್ಪ? ಅದು ನಿಮ್ಮಮ್ಮ ಆರಿಸಿದ್ದು. ನಿಮ್ಮಪ್ಪ ಸಾಯಂಕಾಲ ಬರುವಾಗ ಬೇರೆಯವರ ಮನೆಗೇ ನುಗ್ಗೋರು. ಒಂದ್ಸಲ ಏಳನೇ ನಂಬರಲ್ಲಿ ಕೈಕಾಲು ತೊಳ್ಕೊಂಡು ಊಟಕ್ಕೂ ಕೂತುಬಿಟ್ಟಿದ್ರು. ಪಲ್ಯಕ್ಕೆ ಉಪ್ಪು ಕಮ್ಮಿ ಅಂತ ಆ ಮನೆಯಾಕೆನ ಬೈದ್ರು ಬೇರೆ. ಬೀದಿ ತುದಿಯಿಂದಲೇ ಕಾಣೋ ಬಣ್ಣ ಬೇಕು ಅಂತ ನಿಮ್ಮಮ್ಮ ಅಳ್ತಾ ಬಂದಿದ್ದು ನನಗೆ ಚೆನ್ನಾಗಿ ನೆನಪಿದೆ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿಯೆಲ್ಲ ಸುತ್ತಿತ್ತು. ಒಬ್ಬೊಬ್ಬರೇ ಬಂದು ತಮ್ಮ ಗೆರೆ ನೋಡಿಕೊಂಡರು. ನನ್ನ ಬಟ್ಟೆ ಒಗೆಯುವ ಕಲ್ಲಿನ ಸುತ್ತಲೇ ಸಭೆ ಸೇರಿತು. ಗೋಡೆಗೆ ಯಾರೂ ಸುಣ್ಣ ಬಣ್ಣ ಮುಟ್ಟಿಸಕೂಡದು, ಅದರಲ್ಲಿರುವಂತೆಯೇ ಮನೆಗಳಿಗೆ ಬಳಿಯಬೇಕು ಎಂದು ತೀರ್ಮಾನವಾಯಿತು. ಕಾರ್ಯದರ್ಶಿಯೇ ಅದಕ್ಕೆ ಸಹಿ ಹಾಕಬೇಕಾಯಿತು. ನಾನು ಗೋಡೆಗೆ ಬೆನ್ನು ಕೊಟ್ಟು ಕೂತು, ತುಂಬ ದಿನದ ಮೇಲೆ ಹೊಟ್ಟೆ ತುಂಬ ನಕ್ಕೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲು ಕಿರ್ ಎಂದಿತು. ಅವನೇ. ಚಪ್ಪಲಿ ಕೈಯಲ್ಲಿತ್ತು.

ಕಾರ್ಯದರ್ಶಿ: ಅಜ್ಜಿ, ಗೋಡೆ ಹಾಗೇ ಇರಲಿ. ಒಂಬತ್ತರ ಎಡಕ್ಕೆ ಒಂದೇ ಒಂದು ಗೀಟು ಎಳೆದ್ರೆ ಹತ್ತೊಂಬತ್ತಾಗುತ್ತೆ. ಆ ಮನೆಯವರು ಆರು ತಿಂಗಳಿಂದ ಮಗಳ ಮನೇಲಿದ್ದಾರೆ.

ನಾನು: ಹತ್ತೊಂಬತ್ತು ಆಗಲೇ ಒಂದಿದೆಯಲ್ಲೋ. ಹಳದಿ.

ಅವನು ಬಗ್ಗಿ ಹಳದಿ ಗೆರೆ ಹುಡುಕಿ ನೋಡಿದ.

ಕಾರ್ಯದರ್ಶಿ: ಆ ಮನೆಗೆ ಎರಡು ಕೋಟು ಬಳಿದಿದ್ರು ಅಂತ ಹೇಳೋಣ. ಒಂದು ಪೆನ್ಸಿಲ್ ಇದ್ರೆ ಕೊಡ್ತೀರಾ?