ಹುಳ ಬದುಕದ ಗಾಡಿ

ಇನ್ನು ಮುಂದೆ ಈ ಭೂಮಂಡಲದ ಯಾವ ತಿಗಣೆಗೂ ನನ್ನ ರಕ್ತದ ರುಚಿ ತೋರಿಸುವುದಿಲ್ಲ! ಮುದ್ದೇಬಿಹಾಳದ ಒಂದು ಲಾಡ್ಜಿನ ಮಂಚದ ಮೇಲೆ ಎದ್ದು ನಿಂತು, ಬನಿಯನ್ ಝಾಡಿಸುತ್ತಾ ನಾನು ಕೈಗೊಂಡ ಭೀಷ್ಮಪ್ರತಿಜ್ಞೆ ಇದು. ಬೀಗರ ಮನೆಯ ಮದುವೆಗೆಂದು ಹೋಗಿದ್ದೆವು. ನನ್ನ ಹೆಂಡತಿ ಸುಮಂಗಲಾ ಮಂಚದ ಸಹವಾಸವೇ ಬೇಡವೆಂದು ಬಾಗಿಲ ಬಳಿ ಕುರ್ಚಿಯ ಮೇಲೆ ಕುಳಿತೇ ಬೆಳಗು ಮಾಡಿದ್ದಳು.

"ತಗಣಿಗೆ ಅಂಜಿ ಊರೂರಿಗೆ ಮನಿ ಕಟ್ಟಿಸ್ತೀರೇನು?" ಎಂದಳು.

"ಊರೂರಿಗೆ ಯಾಕ? ಒಂದ ಕಟ್ಟಸ್ತೇನಿ. ಗಾಲಿ ಮ್ಯಾಲ!"

ನಾನು ಯಾರೆಂದು ಹೇಳಲಿಲ್ಲ, ನೋಡಿ. ದೇವರ ಹಿಪ್ಪರಗಿಯಲ್ಲಿ ಕಾಳು ತುಂಬುವ ತಗಡಿನ ಕಣಜ ಮಾಡುವ ಗುರಪ್ಪ ನಾನೇ. ಸಿಂದಗಿಯಿಂದ ಇಂಡಿಯವರೆಗೆ ಜೋಳ, ತೊಗರಿ ಬೆಳೆಯುವವರ ಪಡಸಾಲೆಗಳಲ್ಲಿ ನಿಂತಿರುವ ಕಣಜಗಳಲ್ಲಿ ಅರ್ಧ ನನ್ನವು. ಗುಟ್ಟು ಬಹಳ ಸರಳ. ಮುಚ್ಚಳ ಬಿಗಿದರೆ ಒಳಕ್ಕೆ ಗಾಳಿ ಸುಳಿಯುವುದಿಲ್ಲ, ಗಾಳಿ ಇಲ್ಲದೆ ಹುಳ ತಾನಾಗಿ ಸಾಯುತ್ತದೆ. ಅಂಗಡಿಯ ಬೋರ್ಡಿನ ಮೇಲೆ ಕೆಂಪು ಅಕ್ಷರಗಳಲ್ಲಿ ಬರೆಸಿಬಿಟ್ಟಿದ್ದೇನೆ: "ಗುರಪ್ಪ ಬಿಗಿದ ಮುಚ್ಚಳದ ಒಳಗೆ ಒಂದು ಹುಳ ಬದುಕಿದರೂ ಮೀಸೆ ಬೋಳಿಸುತ್ತಾನೆ!" ಮೀಸೆ ಅಂದರೆ ಅಂತಿಂಥ ಮೀಸೆಯಲ್ಲ. ಇಪ್ಪತ್ತೆರಡು ವರ್ಷ ಎಣ್ಣೆ ಕುಡಿದು ಬೆಳೆದದ್ದು.

ಹಳೆಯ ಟೆಂಪೊ ಒಂದನ್ನು ತಂದೆ. ಮೂರು ತಿಂಗಳು ಹಗಲೆಲ್ಲ ಅದರ ಹಿಂದೆಯೇ ಬಿದ್ದೆ. ಅದರ ಬೆನ್ನಿಗೆ ಇಬ್ಬರು ಮಲಗುವಷ್ಟು ತಗಡಿನ ಕೋಣೆ, ಸಂದುಸಂದಿಗೂ ರಬ್ಬರು, ರಬ್ಬರಿನ ಮೇಲೆ ಮೇಣ. ಒಂದೇ ಒಂದು ಕಿಟಕಿ, ಅದೂ ತೆರೆಯಲು ಬಾರದ ಗಾಜು. ಬಾಗಿಲಿಗೆ ನನ್ನ ಕಣಜದ ಮುಚ್ಚಳಕ್ಕೆ ಹಾಕುವ ತಿರುಪು, ಒಳಗೊಂದು ಹಿಡಿಕೆ, ಹೊರಗೊಂದು ಹಿಡಿಕೆ. ಎಂಟು ಸುತ್ತು ತಿರುಗಿಸಿದರೆ ಬಾಗಿಲು ಚೌಕಟ್ಟನ್ನು ಅಪ್ಪಿಕೊಂಡು ಬಿಡುತ್ತಿತ್ತು. ಒಳಗೆ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟು, ಬಾಗಿಲು ಬಿಗಿದು ಹೊರಗೆ ನಿಂತು ಮೂಸಿದೆ. ಒಂದೆಳೆ ಹೊಗೆ ಹೊರಬರಲಿಲ್ಲ! ತಿಗಣೆಯಿರಲಿ, ತಿಗಣೆಯ ನೆನಪೂ ಒಳಗೆ ಹೋಗುವಂತಿರಲಿಲ್ಲ.

ನಮ್ಮವ್ವ ಮರೆವ್ವ ಕೋಲೂರಿಕೊಂಡು ಬಂದು ಗಾಡಿಗೆ ಒಂದು ಸುತ್ತು ಹಾಕಿದಳು.

"ಎಲ್ಲಾ ಛಲೋ ಐತಿ. ಗಾಳಿ ಎಲ್ಲಿಂದ ಬರ್ತೈತೋ?"

"ಒಳಗ ತುಂಬ ಐತಲ್ಲಬೇ!"

"ತುಂಬಿದ್ದು ತೀರೂದಿಲ್ಲೇನು? ಮ್ಯಾಲೊಂದು, ಕೆಳಗೊಂದು ತೂತು ಹೊಡಿ."

ತೂತು! ಮೂರು ತಾಲ್ಲೂಕಿನ ತೂತು ಮುಚ್ಚಿದ ಮನುಷ್ಯನಿಗೆ ಹೆತ್ತ ತಾಯಿ ಆಡುವ ಮಾತೇ ಇದು? ನನ್ನ ಮುಖ ನೋಡಿ ಅವ್ವ ಒಳಗಿನಿಂದ ಹಳೆಯ ಕಂದೀಲು ತಂದು ಕೊಟ್ಟಳು.

"ಹಂಗಾರ ಇದನರ ಒಯ್ಯಿ. ಹಗೇವಿನ ಬಾಯಿ ತಗದಾಗ ನಾವು ದೀಪ ಇಳಿಬಿಟ್ಟು ನೋಡತಿದ್ವಿ. ದೀಪ ಆರಿತಂದ್ರ ಒಳಗ ಇಳೀತಿದ್ದಿಲ್ಲ."

ನೆಲದೊಳಗೆ ಜೋಳ ತುಂಬಿಡುವ ಹಗೇವಿಗೆ ಅವಸರದಲ್ಲಿ ಇಳಿದು, ಕೆಟ್ಟ ಗಾಳಿಗೆ ಸಿಕ್ಕಿ ಮೇಲೆ ಬಾರದವರ ಕಥೆ ಕೇಳಿಯೇ ನಾನು ಬೆಳೆದವನು. ಕಂದೀಲು ತೆಗೆದುಕೊಂಡೆ. ದೀಪ ಉರಿದರೆ ಗಾಳಿ ಛಲೋ ಐತಿ, ಅಷ್ಟೇ ತಾನೆ? ಇದಕ್ಕೆ ತೂತು ಯಾಕೆ?

ಮೊದಲ ಸವಾರಿ ಕೊಲ್ಹಾರಕ್ಕೆ. ಕೃಷ್ಣೆಯ ಹಿನ್ನೀರು ತೋರಿಸಿರೆಂದು ಸುಮಂಗಲಾ ಮದುವೆಯಾದ ವರ್ಷದಿಂದ ಕೇಳುತ್ತಲೇ ಇದ್ದಳು. ಬಸವನ ಬಾಗೇವಾಡಿ ದಾಟುವಾಗಲೇ ಮೋಡ ಕಟ್ಟಿತ್ತು. ನೀರಿನ ದಂಡೆಯಲ್ಲಿ ಗಾಡಿ ನಿಲ್ಲಿಸಿ, ಶೇಗಡಿ ಒಲೆಗೆ ಇದ್ದಿಲು ತುಂಬಿ ಹೊತ್ತಿಸಿ, ಬದನೆಕಾಯಿ ಸುಟ್ಟುಕೊಂಡು ರೊಟ್ಟಿ ತಿಂದೆವು. ಕೈ ತೊಳೆಯುವಷ್ಟರಲ್ಲಿ ಮಳೆ ಹೊಡೆಯಿತು ನೋಡಿ! ಸಾಮಾನು ಎತ್ತಿಡುವುದರೊಳಗೆ ಇಬ್ಬರೂ ತೊಯ್ದು ತೊಪ್ಪೆ. ಒಳಗೆ ಕುಳಿತ ಸುಮಂಗಲಾಳ ಹಲ್ಲು ಕಟಕಟ ಕಡಿಯುತ್ತಿತ್ತು. ಟೆಂಪೊದ ಅಡಿಗೆ ಸರಿಸಿಟ್ಟಿದ್ದ ಶೇಗಡಿ ಇನ್ನೂ ಕೆಂಪಗಿತ್ತು. ಹೆಂಡತಿ ನಡುಗುತ್ತಿದ್ದರೆ ನೋಡುತ್ತಾ ಕೂರುವ ಗಂಡ ನಾನಲ್ಲ. ಎತ್ತಿ ಒಳಗೆ ತಂದೆ.

"ಬ್ಯಾಡ್ರೀ, ಹೊಗಿ ತುಂಬತೈತಿ."

"ಇದ್ಲಿಗೆ ಎಲ್ಲೀ ಹೊಗಿ? ಬರೇ ಕೆಂಡ ಐತಿ."

ಎಂಟು ಸುತ್ತು ಬಾಗಿಲು ಬಿಗಿದೆ. ಹೊರಗೆ ಮಳೆ ಬೊಬ್ಬೆ ಹೊಡೆಯುತ್ತಿತ್ತು, ಒಳಗೆ ಒಂದು ಹನಿ ಇಲ್ಲ. ಹಚ್ಚಿ ಮೊಳೆಗೆ ನೇತುಹಾಕಿದ ಅವ್ವನ ಕಂದೀಲು ನೆಟ್ಟಗೆ ಉರಿಯುತ್ತಿತ್ತು. ಮಧ್ಯಾಹ್ನದ ನಿದ್ದೆಗೆ ಮಹಾರಾಜನಂತೆ ಕಾಲು ಚಾಚಿದೆ.

"ಏನ್ರೀ... ಏಳ್ರೀ..."

ಎಷ್ಟು ಹೊತ್ತಾಗಿತ್ತೋ ತಿಳಿಯದು. ಸುಮಂಗಲಾಳ ದನಿ ಬಾವಿಯ ತಳದಿಂದ ಬಂದಂತಿತ್ತು.

"ತಲಿ ಒಡದ ಹೋಗಾಕತ್ತೈತಿ. ಹೊಟ್ಟಿ ತೊಳಸಾಕತ್ತೈತಿ."

ನನ್ನ ತಲೆಯೂ ಸಿಡಿಯುತ್ತಿತ್ತು. ಒಪ್ಪಿಕೊಂಡರೆ ಗಾಡಿಯ ಮರ್ಯಾದೆ ಏನಾಗಬೇಕು!

"ಬದನಿಕಾಯಿ ಪಿತ್ತ ಅದು. ಸುಮ್ನ ಮಕ್ಕೋ."

"ಬಾಗಲಾ ತಗೀರಿ."

"ದೀಪ ನೋಡು, ಹೆಂಗ ಉರಿಯಾಕತ್ತೈತಿ! ಗಾಳಿ ಛಲೋ ಐತಿ."

"ದೀಪಕ್ಕ ತಲಿ ಐತೇನ್ರೀ ನೋಯಾಕ? ಮದಲ ಬಾಗಲಾ ತಗೀರಿ!"

ಏಳಲು ಹೋದೆ. ಕಾಲು ಏಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ. ಮೊಣಕಾಲು ಬೇರೆ ಯಾರದೋ ಇದ್ದಂತಿತ್ತು. ಆಗ ಹೆದರಿಕೆಯಾಯಿತು. ಈ ಜಂಬದ ಮನುಷ್ಯನಿಗೆ ನಿಜವಾಗಿಯೂ ಹೆದರಿಕೆಯಾಯಿತು. ತೆವಳಿಕೊಂಡು ಹೋಗಿ ಹಿಡಿಕೆ ಹಿಡಿದು ತಿರುಗಿಸಿದೆ. ಅಲುಗಲಿಲ್ಲ. ಇದ್ದಬದ್ದ ಶಕ್ತಿಯೆಲ್ಲ ಹಾಕಿದೆ. ಕರ್ ಎಂದು ಕಾಲು ಸುತ್ತು ತಿರುಗಿತು.

"ಯಾ ಕಡೆ ತಿರುಗಸಾಕತ್ತೀರಿ?"

ಬಿಗಿಯುವ ಕಡೆಗೆ! ಇಪ್ಪತ್ತೆರಡು ವರ್ಷ ಬರೀ ಬಿಗಿದ ಕೈ, ತೆರೆಯುವ ಹೊತ್ತಿಗೂ ತನಗೆ ಗೊತ್ತಿದ್ದದ್ದನ್ನೇ ಮಾಡಿತ್ತು. ಈಗ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಬೆವರಿದ ಅಂಗೈ ಹಿಡಿಕೆಯ ಮೇಲೆ ಜಾರುತ್ತಿತ್ತು.

ಸುಮಂಗಲಾ ಬೆಳ್ಳುಳ್ಳಿ ಜಜ್ಜುವ ಕಬ್ಬಿಣದ ಕುಟ್ಟಾಣಿ ಎತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು.

"ಏ, ಗಾಜು ಹೊಸಾದೈತಿ!" ಎಂದೆ.

ಹೌದು, ಎಂದೆ. ಆ ಹೊತ್ತಿನಲ್ಲೂ ಅಂದೆ. ನಾಚಿಕೆಯಾಗುತ್ತದೆ, ಆದರೆ ಸುಳ್ಳು ಬರೆಯಲಾರೆ. ಅವಳು ಒಂದು ಪೆಟ್ಟು ಹಾಕಿದಳು. ಗಾಜು ಕಂಪಿಸಿತು. ಎರಡನೆಯ ಪೆಟ್ಟಿಗೆ ಕೈ ಎತ್ತಿದವಳು ಹಾಗೇ ಕುಸಿದು ಕುಳಿತಳು. ಕುಟ್ಟಾಣಿ ಉರುಳಿತು. ಅವಳ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

"ಸುಮಂಗಲಾ! ಕಣ್ಣ ಮುಚ್ಚಬ್ಯಾಡ!"

ಮಾತಿಲ್ಲ. ನನ್ನ ಒಂದು ಮಾತಿಗೆ ಎರಡು ಮಾತು ತಿರುಗಿ ಕೊಡುವವಳು ಸುಮ್ಮನಿದ್ದಳು. ಇವಳು ಹೋದರೆ ನಾನು ಯಾರ ಮುಂದೆ ಜಂಬ ಕೊಚ್ಚಲಿ? ಕುಟ್ಟಾಣಿ ಎತ್ತಿಕೊಂಡು, ನಾನೇ ಅಳತೆ ಮಾಡಿ ನಾನೇ ಕೂರಿಸಿದ ಗಾಜಿಗೆ ಬೀಸಿದೆ. ಒಡೆಯಲಿಲ್ಲ. ಹಾಳಾದ ನನ್ನ ಗಟ್ಟಿ ಕೆಲಸ! ಮತ್ತೆ ಬೀಸಿದೆ. ಬಿರುಕು ಬಿಟ್ಟಿತು. ಮೂರನೆಯದಕ್ಕೆ ಗಾಜು ಪುಡಿಯಾಗಿ, ಮಳೆಯೂ ಗಾಳಿಯೂ ಒಟ್ಟಿಗೇ ಒಳಗೆ ನುಗ್ಗಿದವು. ಅವಳ ತಲೆಯನ್ನು ಕಿಟಕಿಗೆ ಒರಗಿಸಿ ಹಿಡಿದು, ಗಂಟಲು ಹರಿಯುವಂತೆ ಕೂಗಿದೆ.

ದಂಡೆಯಲ್ಲಿ ಬಲೆಯ ಮೇಲೆ ತಾಡಪತ್ರಿ ಹೊದಿಸುತ್ತಿದ್ದ ಮಂಜೂರ ಎಂಬ ಮೀನುಗಾರ ಓಡಿಬಂದ. ಹೊರಗಿನ ಹಿಡಿಕೆ ತಿರುಗಿಸಿ, ಬಾಗಿಲು ಕಿತ್ತುಬರುವಂತೆ ಎಳೆದ. ಮೊದಲು ಸುಮಂಗಲಾಳನ್ನು, ಆಮೇಲೆ ನನ್ನನ್ನು ಮಳೆಯಲ್ಲಿ ಮಲಗಿಸಿದ. ಶೇಗಡಿಯನ್ನು ಒಂದೇ ಒದೆತಕ್ಕೆ ಹೊರಗೆ ಹಾಕಿದ.

"ಅಣ್ಣಾರ, ಕೆಂಡ ಬಾಜೂಕಿಟ್ಕೊಂಡು ಬಾಗಲಾ ಜಡಕೊಂಡಿದ್ರೇನು? ಶ್ಯಾಣ್ಯಾರ ಹಂಗ ಕಾಣ್ತೀರಿ!"

ಸುಮಂಗಲಾ ಕೆಮ್ಮಿದಳು. ಕಣ್ಣು ತೆರೆದು, "ಕಾಣೂದಷ್ಟ ತಮ್ಮಾ," ಎಂದಳು. ಆ ಮಾತು ಕೇಳಿ ನಾನು ಅತ್ತುಬಿಟ್ಟೆ. ಮಳೆಯಿತ್ತು, ಯಾರಿಗೂ ಗೊತ್ತಾಗಲಿಲ್ಲ.

ಮಂಜೂರ ಯಾರದೋ ಜೀಪು ನಿಲ್ಲಿಸಿ ಆಸ್ಪತ್ರೆಗೆ ಮುಟ್ಟಿಸಿದ. ಇಬ್ಬರ ಮೂಗಿಗೂ ಆಮ್ಲಜನಕದ ಮುಖವಾಡ ಹಾಕಿ, ಕೋಮಲ ಎಂಬ ಅಲ್ಲಿನ ಡಾಕ್ಟರು ನನ್ನ ವಾದವನ್ನೆಲ್ಲ ಕೇಳಿಸಿಕೊಂಡರು.

"ದೀಪ ಉರೀತಿತ್ತಲ್ರೀ ಡಾಕ್ಟ್ರ?"

"ಇದ್ಲಿಯಿಂದ ಬರೂ ವಿಷಗಾಳಿಗೆ ಬಣ್ಣಿಲ್ಲ, ವಾಸನಿ ಇಲ್ಲ. ದೀಪ ಉರಕೊಂತನ ಇರ್ತೈತಿ, ಮನಷ್ಯಾ ಆರಿ ಹೋಗ್ತಾನ. ಇನ್ನ ಅರ್ಧಾ ತಾಸು ಮಕ್ಕೊಂಡಿದ್ರ ನೀವು ನನ್ನ ಮುಂದ ವಾದಾ ಮಾಡಾಕ ಇರತಿದ್ದಿಲ್ಲ."

ಎರಡು ದಿನಕ್ಕೆ ಮನೆ ಸೇರಿದೆವು. ಅವ್ವ ಇಬ್ಬರ ತಲೆಯನ್ನೂ ಸವರಿದಳು, ಆಮೇಲೆ ನನ್ನ ತಲೆಗೆ ಮಾತ್ರ ಒಂದು ಮೊಟಕಿದಳು.

"ಹಗೇವಿಗೆ ದೀಪ ಇಳಸೂದು ಜ್ವಾಳ ತರಾಕಲೇ ಭಾಡ್ಯಾ! ಒಳಗ ಕೆಂಡ ಇಟ್ಕೊಂಡು, ಬಾಯಿ ಮುಚ್ಚಿ ಮಕ್ಕೊಳಾಕಲ್ಲ!"

ಡ್ರಿಲ್ಲು ತಂದು ಮೇಲೊಂದು, ಕೆಳಗೊಂದು ದೊಡ್ಡ ತೂತು ಹೊಡೆದು, ಸೊಳ್ಳೆ ಜಾಳಿಗೆ ಹಾಕಿದೆ. ಶೇಗಡಿಗೆ ಅಂಗಳವೇ ಖಾಯಂ ಜಾಗವಾಯಿತು. ಇಷ್ಟಕ್ಕೆ ಮುಗಿಯಿತೆಂದು ಕೈ ಒರೆಸಿಕೊಂಡು ತಿರುಗಿದರೆ, ಸುಮಂಗಲಾ ಅಂಗಡಿಯ ಬೋರ್ಡಿನ ಕೆಳಗೆ ಕುರ್ಚಿ ಹಾಕಿ, ಬಿಸಿನೀರು, ಕನ್ನಡಿ, ಹೊಸ ಬ್ಲೇಡು ಜೋಡಿಸಿಕೊಂಡು ನಿಂತಿದ್ದಳು.

"ಇದೇನಿದು?"

"ಬೋರ್ಡ್ ಓದ್ರಿ."

"ಗುರಪ್ಪ ಬಿಗಿದ ಮುಚ್ಚಳದ ಒಳಗೆ ಒಂದು ಹುಳ ಬದುಕಿದರೂ..." ಓದುತ್ತಾ ನನ್ನ ದನಿ ಸಣ್ಣದಾಯಿತು.

"ಎರಡು ಬದುಕ್ಯಾವ," ಎಂದಳು ಸುಮಂಗಲಾ. "ಕುಂದರ್ರಿ."